ಮೊದಲ ಸಲ ಜರ್ಮನಿಗೆ ವ್ಯಾಪಾರದ ಪ್ರಯಾಣ: ವೀಸಾ, ದುಡ್ಡು, ಗೇರುಬೀಜದ ಸ್ಯಾಂಪಲ್ – ಎಂತೆಲ್ಲ ತಯಾರಿ ಬೇಕು?

ಉಪ್ಪಳ_ಪೇಟೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮನೆ ಉಪ್ಪಳದಲ್ಲಿ, ಕೆಲಸ ಮಂಗಳೂರಿನ ಒಂದು ಗೇರುಬೀಜ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ. ನವೆಂಬರ್ ಎರಡನೇ ವಾರ ಹ್ಯಾಂಬರ್ಗ್‌ನ ಖರೀದಿದಾರರ ಆಫೀಸಿಗೆ ಹೋಗಿ ಬರಬೇಕು ಅಂತ ಕಂಪನಿ ಹೇಳಿದೆ. ಈಗ ಸೆಪ್ಟೆಂಬರ್ ಮೊದಲ ವಾರ. ಗಲ್ಫಿಗೆ ಹೋಗುವ ವಿಷಯ ನಮ್ಮ ಕಡೆ ಮನೆಮನೆಯಲ್ಲೂ ಗೊತ್ತು, ಯುರೋಪಿನದ್ದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಗೊಂದಲ ಇರುವುದು ಇಷ್ಟು:

ಪಾಸ್‌ಪೋರ್ಟ್ ಕೋಝಿಕ್ಕೋಡ್ ಆಫೀಸಿನದ್ದು, ವಿಳಾಸ ಕಾಸರಗೋಡು ಜಿಲ್ಲೆ. ಅವಧಿ ಮುಗಿಯುವುದು ಬರುವ ಜನವರಿ ಕೊನೆಗೆ. ಪ್ರಯಾಣ ನವೆಂಬರ್‌ನಲ್ಲಿ ಮುಗಿಯುತ್ತದಲ್ಲ, ಸಾಕಾಗುದಿಲ್ವಾ? ಅದರಲ್ಲಿ ಸರ್‌ನೇಮ್ ಜಾಗ ಖಾಲಿ ಉಂಟು, ಅದು ತೊಂದರೆಯಾ?

ಕಂಪನಿ ಕರ್ನಾಟಕದ್ದು, ನಾನು ಕೇರಳದವ. ವೀಸಾ ಅರ್ಜಿ ಎಲ್ಲಿ ಕೊಡಬೇಕು?

ಸ್ಯಾಂಪಲ್ ಅಂತ ನಾಲ್ಕೈದು ಗ್ರೇಡಿನ ತಿರುಳು, ಒಟ್ಟು ಮೂರು ಕಿಲೋದಷ್ಟು ತಕೊಂಡು ಹೋಗಲಿಕ್ಕೆ ಹೇಳಿದ್ದಾರೆ. ಜೊತೆಗೆ ತೇವಾಂಶ ಅಳೆಯುವ ಸಣ್ಣ ಮೀಟರ್. ಕಸ್ಟಮ್ಸ್‌ನಲ್ಲಿ ಎಂತ ಹೇಳಬೇಕು?

ದುಡ್ಡು ಹೇಗೆ, ಎಷ್ಟು? ನವೆಂಬರ್ ಚಳಿಗೆ ಎಂತ ಬಟ್ಟೆ? ಗೊತ್ತಿದ್ದವರು ದಯವಿಟ್ಟು ಹೇಳಿ.

ಟಿಕೆಟ್_ಕೌಂಟರ್:

ಮೊದಲು ಪಾಸ್‌ಪೋರ್ಟ್. ಅದು ಸಾಕಾಗುದಿಲ್ಲ ಮಾರಾಯ್ರೆ. ಷೆಂಗೆನ್ (ಜರ್ಮನಿಯೂ ಸೇರಿ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪು) ನಿಯಮದಲ್ಲಿ ನೀವು ಅಲ್ಲಿಂದ ಹೊರಡುವ ದಿನದಿಂದ ಮುಂದೆ ಕನಿಷ್ಠ 3 ತಿಂಗಳು ಪಾಸ್‌ಪೋರ್ಟ್ ಜೀವ ಇರಬೇಕು. ನವೆಂಬರ್ ನಡುವೆ ಹೊರಟರೆ ಫೆಬ್ರವರಿ ನಡುವಿನ ತನಕ ಬೇಕಾಯಿತು, ನಿಮ್ಮದು ಜನವರಿಗೇ ಮುಗಿಯುತ್ತದೆ. ಇನ್ನೂ ಎರಡು ಷರತ್ತು ಉಂಟು: ಕಳೆದ 10 ವರ್ಷದೊಳಗೆ ಕೊಟ್ಟ ಪಾಸ್‌ಪೋರ್ಟ್ ಆಗಿರಬೇಕು, ಕನಿಷ್ಠ 2 ಖಾಲಿ ಪುಟ ಇರಬೇಕು. ಹಾಗಾಗಿ ಬೇರೆ ಎಲ್ಲದಕ್ಕಿಂತ ಮೊದಲು ಈ ವಾರವೇ ರೀಇಶ್ಯೂ (ಹಳೆಯದರ ಬದಲು ಹೊಸ ಪಾಸ್‌ಪೋರ್ಟ್) ಅರ್ಜಿ ಹಾಕಿ. ವೀಸಾ ಅರ್ಜಿ, ಆಹ್ವಾನ ಪತ್ರ, ವಿಮೆ ಎಲ್ಲದರಲ್ಲಿಯೂ ಪಾಸ್‌ಪೋರ್ಟ್ ನಂಬರ್ ಬರುತ್ತದೆ. ಹಳೆ ನಂಬರಿನಲ್ಲಿ ಕಾಗದ ಮಾಡಿಸಿಕೊಂಡು ಆಮೇಲೆ ಹೊಸ ಪಾಸ್‌ಪೋರ್ಟ್ ಬಂದರೆ ಎಲ್ಲವನ್ನೂ ಮತ್ತೊಮ್ಮೆ ಕೇಳಿ ತರಿಸಬೇಕಾಗುತ್ತದೆ. ಜರ್ಮನ್ ಕಂಪನಿಯವರ ಹತ್ತಿರ ಎರಡನೇ ಸಲ ಪತ್ರಕ್ಕೆ ಸಹಿ ಹಾಕಿಸುವುದೆಂದರೆ ವಾರ ಹೋದ ಹಾಗೆಯೇ.

2018ರಿಂದ ದೇಶದ ಯಾವ ಸೇವಾ ಕೇಂದ್ರದಲ್ಲಿ ಬೇಕಾದರೂ ಅರ್ಜಿ ಕೊಡಬಹುದು. ಕಾಸರಗೋಡು, ಪಯ್ಯನ್ನೂರು, ಮಂಗಳೂರು – ಎಲ್ಲಿ ಸ್ಲಾಟ್ ಬೇಗ ಸಿಗುತ್ತದೋ ಅಲ್ಲಿ ಹಿಡಿಯಿರಿ. ಪೊಲೀಸ್ ವೆರಿಫಿಕೇಶನ್ ಮಾತ್ರ ನೀವು ಬರೆದ ವಿಳಾಸದ ಸ್ಟೇಷನ್ನಿಗೇ ಬರುತ್ತದೆ, ಪಾಸ್‌ಪೋರ್ಟ್ ಕೂಡ ಅದೇ ವಿಳಾಸಕ್ಕೆ. ಮಂಗಳೂರಿನಲ್ಲಿ ರೂಮು ಮಾಡಿಕೊಂಡಿದ್ದರೂ ಆಧಾರ್ ಉಪ್ಪಳದ್ದಾದರೆ ಉಪ್ಪಳವನ್ನೇ ಬರೆಯಿರಿ. 36 ಪುಟದ್ದಕ್ಕೆ 1,500 ರೂಪಾಯಿ, 60 ಪುಟದ್ದಕ್ಕೆ 2,000. ತತ್ಕಾಲ್ ಆದರೆ ಅದರ ಮೇಲೆ 2,000. ನಿಮ್ಮ ಸಮಯದ ಲೆಕ್ಕದಲ್ಲಿ ತತ್ಕಾಲ್ ದುಡ್ಡು ದಂಡ ಅಲ್ಲ.

ಸರ್‌ನೇಮ್ ಖಾಲಿ ಇದ್ದರೆ ಜರ್ಮನಿಯ ವೀಸಾಕ್ಕೆ ಅಡ್ಡಿ ಇಲ್ಲ. ತೊಂದರೆ ಆಗುವುದು ಟಿಕೆಟ್‌ನಲ್ಲಿ. ವಿಮಾನ ಕಂಪನಿಯ ಸಾಫ್ಟ್‌ವೇರ್ ಎರಡೂ ಜಾಗ ತುಂಬಲೇಬೇಕು ಅನ್ನುತ್ತದೆ. ಒಂದು ಕಂಪನಿ ಹೆಸರನ್ನೇ ಎರಡು ಸಲ ಹಾಕಲಿಕ್ಕೆ ಹೇಳುತ್ತದೆ, ಇನ್ನೊಂದು ಬೇರೆ ಕ್ರಮ ಹೇಳುತ್ತದೆ. ಆ ಕಂಪನಿಯ ನಿಯಮ ಕೇಳಿಯೇ ಬುಕ್ ಮಾಡಿಸಿ. ಇನ್ನೊಂದು, ಅಗ್ಗ ಅಂತ ದುಬೈ ಮೇಲೆ ಟಿಕೆಟ್ ತೆಗೆದು ಅಲ್ಲಿ ಎರಡು ದಿನ ಸಂಬಂಧಿಕರ ಮನೆ ನೋಡಿ ಬರುವ ಆಲೋಚನೆ ಇದ್ದರೆ: ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದು ಸರ್‌ನೇಮ್ ಜಾಗ ಖಾಲಿ ಇರುವವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಇಲ್ಲ ಅಂತ ಯುಎಇ 2022ರ ನವೆಂಬರ್‌ನಲ್ಲೇ ಹೇಳಿದೆ. ಹೇಗೂ ರೀಇಶ್ಯೂ ಮಾಡಿಸುತ್ತೀರಿ. ಆಧಾರ್, ಪ್ಯಾನ್, ಎಸ್‌ಎಸ್‌ಎಲ್‌ಸಿ ಪುಸ್ತಕ ಮೂರರಲ್ಲಿ ಹೆಸರು ಒಂದೇ ರೀತಿ ಇದ್ದರೆ ಸರ್‌ನೇಮ್ ಸೇರಿಸುವ ಕೆಲಸವನ್ನೂ ಈಗಲೇ ಮುಗಿಸಿ. ನಮ್ಮ ಕಡೆಯ ಕಾಗದದಲ್ಲಿ ಒಂದರಲ್ಲಿ ಮನೆ ಹೆಸರಿನ ಇನಿಶಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಅಪ್ಪನ ಹೆಸರು ಪೂರ್ತಿ – ಹೀಗೆ ಇರುತ್ತದೆ. ಹಾಗಿದ್ದರೆ ಈಗ ಕೈಹಾಕಬೇಡಿ, ಫೈಲು ಅಲ್ಲೇ ಸಿಕ್ಕಿಬೀಳುತ್ತದೆ. ಇದ್ದ ಹಾಗೆಯೇ ರೀಇಶ್ಯೂ ಮಾಡಿಸಿ, ಹೆಸರಿನ ವಿಷಯ ಬಂದ ಮೇಲೆ ನೋಡುವ.

ಇನ್ನು ವೀಸಾ. ಕೇರಳ, ಕರ್ನಾಟಕ ಎರಡಕ್ಕೂ ಬೆಂಗಳೂರಿನ ಜರ್ಮನ್ ಕಾನ್ಸುಲೇಟೇ. ಹಾಗಾಗಿ ಮನೆ ರಾಜ್ಯದ ಗಡಿ ತಲಪಾಡಿಯ ಆಚೆಯೋ ಈಚೆಯೋ ಅನ್ನುವ ತಲೆನೋವು ನಿಮಗೆ ಇಲ್ಲ. ಅರ್ಜಿ ತೆಗೆದುಕೊಳ್ಳುವುದು ವಿಎಫ್‌ಎಸ್ ಅನ್ನುವ ಕಂಪನಿಯ ಕೇಂದ್ರ. ಬೆಂಗಳೂರಿಗೂ ಹೋಗಬಹುದು, ಕೊಚ್ಚಿಗೂ ಹೋಗಬಹುದು. ಬೆರಳಚ್ಚು ಕೊಡಬೇಕಾದ್ದರಿಂದ ಮೊದಲ ಸಲ ಖುದ್ದಾಗಿ ಹೋಗಲೇಬೇಕು. ಒಮ್ಮೆ ಕೊಟ್ಟ ಬೆರಳಚ್ಚು 59 ತಿಂಗಳು ನಡೆಯುತ್ತದೆ. ಶುಲ್ಕ 90 ಯುರೋ, ರೂಪಾಯಿಯಲ್ಲಿ ಕಟ್ಟಬೇಕು, ಕೇಂದ್ರದ ಸೇವಾ ಶುಲ್ಕ ಬೇರೆ. ನಿಯಮದ ಪ್ರಕಾರ ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ 15 ದಿನ ಮೊದಲಿನ ತನಕ ಅರ್ಜಿ ಹಾಕಬಹುದು, ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ತನಿಖೆ ಬೇಕಾದರೆ 45 ದಿನದ ತನಕ ಎಳೆಯಬಹುದು. ಕೊನೆಯ ದಿನಕ್ಕೆ ಕಾಯುವುದು ಬೇಡ. ಸೆಪ್ಟೆಂಬರ್ ಕೊನೆಗೆ ಅರ್ಜಿ ಒಳಗೆ ಹೋಗಿರಬೇಕು ಅಂತ ಇಟ್ಟುಕೊಳ್ಳಿ.

ರಿಜೆಕ್ಟ್ ಆಗುವ ಬಿಸಿನೆಸ್ ಅರ್ಜಿಗಳಲ್ಲಿ ಹೆಚ್ಚಿನವು ದುಡ್ಡಿಲ್ಲದೆ ಬೀಳುವುದಲ್ಲ, ಕಾಗದ ಒಂದಕ್ಕೊಂದು ತಾಳೆ ಆಗದೆ ಬೀಳುವುದು. ಹ್ಯಾಂಬರ್ಗ್‌ನ ಪತ್ರದಲ್ಲಿ ಹೋಟೆಲ್ ಖರ್ಚು ನಮ್ಮದು ಅಂತ ಇರುತ್ತದೆ, ಮಂಗಳೂರಿನ ಪತ್ರದಲ್ಲಿ ಎಲ್ಲ ಖರ್ಚು ನಮ್ಮದು ಅಂತ ಇರುತ್ತದೆ. ಆಹ್ವಾನ 10ರಿಂದ 14, ಹೋಟೆಲ್ 11ರಿಂದ 15. ಅಷ್ಟು ಸಾಕು, ‘ಪ್ರಯಾಣದ ಉದ್ದೇಶ ಸಮರ್ಥಿಸಿಲ್ಲ’ ಅಂತ ಹಾಳೆ ಬರುತ್ತದೆ. ಎರಡೂ ಪತ್ರದ ಕರಡನ್ನು ಸಹಿಗೆ ಮೊದಲು ನೀವೇ ಪಕ್ಕಪಕ್ಕ ಇಟ್ಟು ಓದಿ.

ಆಹ್ವಾನ ಪತ್ರ ಅವರ ಲೆಟರ್‌ಹೆಡ್‌ನಲ್ಲಿ ಇರಬೇಕು: ನಿಮ್ಮ ಹೆಸರು ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೆಯೇ, ಹುಟ್ಟಿದ ದಿನಾಂಕ, ಪಾಸ್‌ಪೋರ್ಟ್ ನಂಬರ್, ಯಾವ ದಿನದಿಂದ ಯಾವ ದಿನ, ಎಲ್ಲಿ, ಎಂತಕ್ಕೆ, ಖರ್ಚು ಯಾರದು, ಸಹಿ ಹಾಕಿದವರ ಹೆಸರು ಮತ್ತು ಹುದ್ದೆ. ಉದ್ದೇಶದ ಸಾಲಿನಲ್ಲಿ ಜಾಗ್ರತೆ. ಬಿಸಿನೆಸ್ ವೀಸಾದಲ್ಲಿ ಮಾತುಕತೆ, ಒಪ್ಪಂದ, ಮೇಳ, ಕಾರ್ಖಾನೆ ನೋಡುವುದು ಆಗುತ್ತದೆ. ಅಲ್ಲಿ ನಿಂತು ದುಡಿಯುವುದು ಆಗುವುದಿಲ್ಲ. ‘ನಮ್ಮ ಹುರಿಯುವ ಘಟಕದ ಸಾರ್ಟಿಂಗ್ ಲೈನಿನಲ್ಲಿ ಸಹಾಯ ಮಾಡಲಿಕ್ಕೆ’ ಅಂತ ಒಂದು ವಾಕ್ಯ ಸೇರಿದರೆ ಅದು ಕೆಲಸದ ವೀಸಾದ ವಿಷಯ ಆಯಿತು. ‘ಗುಣಮಟ್ಟದ ಮಾನದಂಡ ಚರ್ಚೆ, ಸ್ಯಾಂಪಲ್ ಪರಿಶೀಲನೆ, ಮುಂದಿನ ವರ್ಷದ ಪೂರೈಕೆ ಮಾತುಕತೆ’ – ಇಷ್ಟು ಸಾಕು, ನಿಮ್ಮ ಸಂಗತಿಯೂ ಅದೇ ತಾನೆ.

ನಿಮ್ಮ ಕಡೆಯಿಂದ: ಕಂಪನಿಯ ಪತ್ರ (ಹುದ್ದೆ, ಸೇರಿದ ದಿನ, ಸಂಬಳ, ಕೆಲಸಕ್ಕೆ ಮರಳುವ ದಿನ), 3 ತಿಂಗಳ ಸಂಬಳ ಚೀಟಿ, 3 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಸೀಲು ಹಾಕಿಸಿದ್ದು, ಆದಾಯ ತೆರಿಗೆ ರಿಟರ್ನ್, ಕಂಪನಿಯ ಜಿಎಸ್‌ಟಿ ಮತ್ತು ಐಇಸಿ (ಆಮದು–ರಫ್ತು ಕೋಡ್) ಪ್ರತಿ, ಹೋಟೆಲ್, ಟಿಕೆಟ್ ರಿಸರ್ವೇಶನ್, 35×45 ಮಿಲಿಮೀಟರಿನ ಹೊಸ ಫೋಟೋ. ಊರಿನ ಆಸ್ತಿ ಕಾಗದ ಇಡುವುದಾದರೆ, ಅದು ಮಲಯಾಳದಲ್ಲಿದ್ದರೂ ಕನ್ನಡದಲ್ಲಿದ್ದರೂ ಇಂಗ್ಲಿಷ್ ಅನುವಾದ ಜೊತೆಗಿರಬೇಕು. ಅನುವಾದ ಇಲ್ಲದ ವಿಲ್ಲೇಜ್ ಆಫೀಸ್ ರಶೀದಿಗಳನ್ನು ದಪ್ಪಕ್ಕೆ ಸೇರಿಸಿ ಪ್ರಯೋಜನ ಇಲ್ಲ.

ಪ್ರಯಾಣ ವಿಮೆ ಕನಿಷ್ಠ 30,000 ಯುರೋದ್ದು, ಎಲ್ಲ ಷೆಂಗೆನ್ ದೇಶಗಳಿಗೆ ಅನ್ವಯ ಆಗುವಂಥದ್ದು. ಹಿಂದೆ ಮುಂದೆ ಕೆಲವು ದಿನ ಹೆಚ್ಚಿಗೆ ತಕೊಳ್ಳಿ, ವ್ಯತ್ಯಾಸ ಜುಜುಬಿ.

ವೀಸಾ ಸ್ಟಿಕ್ಕರ್ ಕೈಗೆ ಬಂದ ಕೂಡಲೇ ನೋಡಬೇಕಾದ್ದು: ‘ಇಂದ–ತನಕ’ ದಿನಾಂಕ ಬೇರೆ, ‘ಎಷ್ಟು ದಿನ ಉಳಿಯಬಹುದು’ ಬೇರೆ. 20 ದಿನದ ಅವಧಿಯೊಳಗೆ 6 ದಿನ ಮಾತ್ರ ಅಂತ ಕೊಟ್ಟಿರಬಹುದು. ಇಳಿದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಬರುತ್ತದೆ. 10ಕ್ಕೆ ಇಳಿದು 15ಕ್ಕೆ ಹೊರಟರೆ 6 ದಿನ ಆಯಿತು, 5 ಅಲ್ಲ.

ಕುಂಬಳೆ_ಕಡಲು:

ಸ್ಯಾಂಪಲ್‌ಗೆ ಇಷ್ಟೆಲ್ಲ ತಲೆಬಿಸಿ ಎಂತಕ್ಕೆ? ಮೂರು ಕಿಲೋ ಬೀಜ ಅಲ್ವಾ. ಬಟ್ಟೆ ನಡುವೆ ಇಟ್ಟು ಗ್ರೀನ್ ಚಾನೆಲ್‌ನಲ್ಲಿ (ಕಸ್ಟಮ್ಸ್‌ಗೆ ತೋರಿಸುವಂಥದ್ದು ಇಲ್ಲ ಅನ್ನುವವರ ದಾರಿ) ಹೊರಗೆ ಬರುವುದು. ತಿನ್ನಲಿಕ್ಕೆ ಅಂತ ಹೇಳಿದರೆ ಆಯಿತು.

ಪಣಂಬೂರು_ಶಿಪ್ಪಿಂಗ್:

ಕುಂಬಳೆಯವರೇ, ಈ ಸಲಹೆ ಬೇಡ. ಪೆಟ್ಟಿಗೆ ತೆರೆದಾಗ ಗ್ರೇಡ್ ಬರೆದ ಐದು ಪೊಟ್ಟಣ, ಜೊತೆಗೆ ತೇವಾಂಶ ಮೀಟರ್, ಪಾಸ್‌ಪೋರ್ಟ್‌ನಲ್ಲಿ ಬಿಸಿನೆಸ್ ವೀಸಾ. ಇದನ್ನು ತಿನ್ನಲಿಕ್ಕೆ ತಂದದ್ದು ಅಂತ ಹೇಳಿದರೆ ಸಮವಸ್ತ್ರ ಹಾಕಿದವನು ನಗುತ್ತಾನೆ ಅಷ್ಟೆ. ವಿಮಾನ ಪ್ರಯಾಣಿಕರಿಗೆ 430 ಯುರೋ ತನಕ ಸುಂಕ ಇಲ್ಲ ಅನ್ನುವ ವಿನಾಯಿತಿ ಸ್ವಂತ ಬಳಕೆಯ ಸಾಮಾನಿಗೆ, ವ್ಯಾಪಾರದ್ದಕ್ಕೆ ಅಲ್ಲ. ಹಾಗೆ ನೋಡಿದರೆ ತಪ್ಪಿಸಿಕೊಳ್ಳಲಿಕ್ಕೆ ಇಲ್ಲಿ ಸುಂಕವೇ ಇಲ್ಲ. ಸಿಪ್ಪೆ ತೆಗೆದ ಗೇರುಬೀಜ, ಕಸ್ಟಮ್ಸ್‌ನ ಸರಕು ಸಂಖ್ಯೆ ಅಂದರೆ ಎಚ್‌ಎಸ್ ಕೋಡ್ 0801 32, ಯುರೋಪಿಯನ್ ಒಕ್ಕೂಟದಲ್ಲಿ ಕಸ್ಟಮ್ಸ್ ಸುಂಕ ಸೊನ್ನೆ. ಅತ್ಯಲ್ಪ ಬೆಲೆಯ ಸ್ಯಾಂಪಲ್‌ಗಳಿಗೆ ಬೇರೆ ವಿನಾಯಿತಿಯೂ ಉಂಟು. ಸೊನ್ನೆ ಸುಂಕದ ಮಾಲನ್ನು ಅಡಗಿಸಿ ಸಿಕ್ಕಿಬೀಳುವುದಕ್ಕಿಂತ ದಡ್ಡತನ ಬೇರೆ ಇಲ್ಲ. ಸಾಮಾನು ತೋರಿಸುವವರ ದಾರಿಯಾದ ರೆಡ್ ಚಾನೆಲ್‌ಗೆ ಹೋಗಿ ಕಾಗದ ತೋರಿಸಿ.

ಆ ಕಾಗದ ಯಾವುದು ಅಂದರೆ ಒಂದು ಪ್ರೊಫಾರ್ಮಾ ಇನ್‌ವಾಯ್ಸ್, ಎರಡು ಪ್ರತಿ. ಕಳುಹಿಸುವವರು, ಪಡೆಯುವವರು, ಎಚ್‌ಎಸ್ ಕೋಡ್, ಗ್ರೇಡುವಾರು ತೂಕ, ಮೂಲ ದೇಶ ಭಾರತ, ‘ಮಾರಾಟಕ್ಕಲ್ಲದ ಸ್ಯಾಂಪಲ್, ಬೆಲೆ ಕಸ್ಟಮ್ಸ್ ಉದ್ದೇಶಕ್ಕೆ ಮಾತ್ರ’ ಅನ್ನುವ ಸಾಲು. ಬೆಲೆಯ ಜಾಗದಲ್ಲಿ ಸೊನ್ನೆ ಬರೆಯಬೇಡಿ. ನಿಜವಾದ ಕಿಲೋ ದರ ಹಾಕಿ. ಸೊನ್ನೆ ಕಂಡರೆ ಅಲ್ಲಿಯವರೇ ಒಂದು ಬೆಲೆ ಕಟ್ಟಲಿಕ್ಕೆ ಕೂರುತ್ತಾರೆ, ನೀವು ಅಲ್ಲೇ ಬಾಕಿ. ಜೊತೆಗೆ ಆ ಲಾಟಿನ ಲ್ಯಾಬ್ ರಿಪೋರ್ಟ್. ತೇವಾಂಶ 5 ಶೇಕಡದೊಳಗೆ ಅಂತ ನಿಮಗೆ ಹೇಳಬೇಕಾದ್ದಿಲ್ಲ. ಅಫ್ಲಾಟಾಕ್ಸಿನ್ (ಬೂಸ್ಟಿನಿಂದ ಬರುವ ವಿಷ) ವಿಷಯದಲ್ಲಿ ಮಾತ್ರ ಅಲ್ಲಿಯ ಮಿತಿಯನ್ನು ನೋಡಿಕೊಂಡೇ ಹೋಗಿ: ನೇರ ತಿನ್ನುವ ಗೇರುಬೀಜಕ್ಕೆ ಅದರ ಬಿ1 ಅನ್ನುವ ಬಗೆ ಕಿಲೋಗೆ 2 ಮೈಕ್ರೋಗ್ರಾಂ, ಎಲ್ಲ ಬಗೆ ಸೇರಿ ಒಟ್ಟು 4. ನಮ್ಮಲ್ಲಿಯ ಮಿತಿಗೆ ಪಾಸ್ ಆದ ರಿಪೋರ್ಟ್ ಹಿಡಿದುಕೊಂಡು ಹೋದರೆ ಮೀಟಿಂಗಿನ ಮೊದಲ ಹತ್ತು ನಿಮಿಷದಲ್ಲೇ ಪೇಚಾಟ. ರಿಪೋರ್ಟ್‌ನ ಲಾಟ್ ನಂಬರ್ ಮತ್ತು ಪೊಟ್ಟಣದ ಮೇಲಿನ ಲಾಟ್ ನಂಬರ್ ಒಂದೇ ಇರಲಿ.

ಪ್ಯಾಕಿಂಗ್: ನೈಟ್ರೋಜನ್ ತುಂಬಿ ಉಬ್ಬಿಸಿದ ಪೌಚ್ ಬೇಡ. ವಿಮಾನದೊಳಗಿನ ಒತ್ತಡ ನೆಲದ ಮೇಲಿನದ್ದರ ಮುಕ್ಕಾಲು ಭಾಗಕ್ಕೆ ಇಳಿಯುತ್ತದೆ, ಸರಕಿನ ಜಾಗದಲ್ಲಿಯೂ ಹಾಗೆಯೇ. ಒಳಗಿನ ಗಾಳಿ ಮೂರನೇ ಒಂದು ಪಾಲಿನಷ್ಟು ಹಿಗ್ಗಲಿಕ್ಕೆ ನೋಡುತ್ತದೆ, ಸೀಲು ಬಿಟ್ಟುಕೊಳ್ಳುತ್ತದೆ. ಅಲ್ಲಿಗೆ ಮುಟ್ಟುವಾಗ ಬೀಜ ತೇವ ಎಳೆದು ಮೆತ್ತಗೆ, ನೀವು ಮೀಟರ್ ಇಟ್ಟರೆ ನಿಮಗೇ ನಾಚಿಕೆ. ವ್ಯಾಕ್ಯೂಮ್ ಮಾಡಿದ 250 ಗ್ರಾಂ ಪೊಟ್ಟಣ, ಪ್ರತಿ ಗ್ರೇಡಿಗೆ ಎರಡು. ಒಂದು ಅವರು ಒಡೆದು ನೋಡಲಿಕ್ಕೆ, ಒಂದು ಒಪ್ಪಂದಕ್ಕೆ ಆಧಾರವಾಗಿ ಸೀಲು ಸಮೇತ ಇಡಲಿಕ್ಕೆ. ತುಂಡು ಬೀಜ ಆದರೆ ಪರವಾಗಿಲ್ಲ, ಡಬ್ಲ್ಯು 180, 210 ಗ್ರೇಡಿನಂಥ ದೊಡ್ಡ ಇಡೀ ಬೀಜ ಬಿಗಿ ವ್ಯಾಕ್ಯೂಮಿನಲ್ಲಿ ಸೀಳುವುದುಂಟು. ಅದನ್ನು ಸ್ವಲ್ಪ ಸಡಿಲ ವ್ಯಾಕ್ಯೂಮ್ ಮಾಡಿ ಗಟ್ಟಿ ಡಬ್ಬಿಯೊಳಗೆ ಇಡಿ. ಡಬ್ಲ್ಯು 320 ಅಂತ ಬರೆದ ಪೊಟ್ಟಣದಲ್ಲಿ ಒಂದು ಪೌಂಡಿಗೆ 300ರಿಂದ 320ರೊಳಗೆ ಬೀಜ ಬರುತ್ತದಾ ಅಂತ ಎಣಿಸಿಯೇ ಸೀಲು ಮಾಡಿಸಿ. ಅಲ್ಲಿ ಎಣಿಸುತ್ತಾರೆ.

ಯಾವ ಬ್ಯಾಗಿನಲ್ಲಿ? ಚೆಕ್‌ಇನ್ ಬ್ಯಾಗಿನಲ್ಲಿ. ಕಾರಣ ಉಂಟು. ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಾಯಿಸಿ ಹ್ಯಾಂಬರ್ಗ್‌ಗೆ ಹೋಗುವಾಗ ಕೈಚೀಲದ ಕಸ್ಟಮ್ಸ್ ಫ್ರಾಂಕ್‌ಫರ್ಟ್‌ನಲ್ಲಿ, ಚೆಕ್‌ಇನ್ ಬ್ಯಾಗಿನ ಕಸ್ಟಮ್ಸ್ ಕೊನೆಯ ನಿಲ್ದಾಣವಾದ ಹ್ಯಾಂಬರ್ಗ್‌ನಲ್ಲಿ. ಸ್ಯಾಂಪಲ್ ಕೈಚೀಲದಲ್ಲಿದ್ದರೆ ಮುಂದಿನ ವಿಮಾನ ಹಿಡಿಯುವ ಗಡಿಬಿಡಿಯಲ್ಲಿ ರೆಡ್ ಚಾನೆಲ್ ಹುಡುಕಬೇಕು. ಹ್ಯಾಂಬರ್ಗ್‌ನಲ್ಲಾದರೆ ಬ್ಯಾಗ್ ತೆಗೆದುಕೊಂಡು ನಿಧಾನಕ್ಕೆ ಮಾಡಬಹುದು.

ಮೀಟರ್ ವಾಪಸ್ ಬರುವ ವಸ್ತು. ಅದನ್ನು ಕೈಚೀಲದಲ್ಲಿ ಇಟ್ಟು, ಬೆಂಗಳೂರಿನಿಂದ ಹೊರಡುವಾಗ ಅಲ್ಲಿಯ ಕಸ್ಟಮ್ಸ್ ಕೌಂಟರ್‌ನಲ್ಲಿ ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಬರೆಸಿಕೊಳ್ಳಿ. ಸೀರಿಯಲ್ ನಂಬರ್ ಅದರಲ್ಲಿ ಇರಬೇಕು. ಇಲ್ಲದಿದ್ದರೆ ವಾಪಸ್ ಬರುವಾಗ ‘ಇದು ಅಲ್ಲಿ ಕೊಂಡದ್ದಲ್ಲ’ ಅಂತ ಸಾಬೀತು ಮಾಡುವ ಹೊರೆ ನಿಮ್ಮದು. ಖರೀದಿ ಬಿಲ್ಲಿನ ಪ್ರತಿಯೂ ಇರಲಿ. ಎಟಿಎ ಕಾರ್ನೆಟ್ (ಸಾಮಾನು ತಾತ್ಕಾಲಿಕವಾಗಿ ಒಯ್ದು ವಾಪಸ್ ತರಲಿಕ್ಕೆ ಇರುವ ಕಸ್ಟಮ್ಸ್ ದಾಖಲೆ) ಅಂತ ಯಾರಾದರೂ ಹೇಳಬಹುದು. ಭಾರತದಲ್ಲಿ ಅದನ್ನು ಕೊಡುವುದು ಉದ್ಯಮಿಗಳ ಒಕ್ಕೂಟವಾದ ಫಿಕ್ಕಿ. ಮೇಳಕ್ಕೆ ಯಂತ್ರ ಒಯ್ದು ವಾಪಸ್ ತರುವವರಿಗೆ ಅದು ಸರಿ. ತಿಂದು ಮುಗಿಯುವ ಮಾಲಿಗೆ ಕಾರ್ನೆಟ್ ಇಲ್ಲ, ಒಂದು ಸಣ್ಣ ಮೀಟರ್‌ಗೆ ಅಷ್ಟು ಖರ್ಚು ಬೇಡ.

ಇದೆಲ್ಲ ಬೇಡವೇ ಬೇಡ ಅನಿಸಿದರೆ ಒಂದು ವಾರ ಮೊದಲು ಕೊರಿಯರ್‌ನಲ್ಲಿ ಕಳುಹಿಸಿ, ಕಾಗದ ಇದೇ. ಅಲ್ಲಿ ತೆರಿಗೆ ಬಂದರೆ ಕಟ್ಟುವವರು ಯಾರು ಅಂತ ಮೊದಲೇ ಖರೀದಿದಾರರಲ್ಲಿ ಮಾತಾಡಿಕೊಳ್ಳಿ. ಸುಂಕ ಇಲ್ಲದಿದ್ದರೂ ಆಹಾರದ ಮೇಲೆ 7 ಶೇಕಡ ವ್ಯಾಟ್ ಅಲ್ಲಿ ಉಂಟು.

ಉಪ್ಪಳ_ಪೇಟೆ:

ತುಂಬ ಉಪಕಾರ ಆಯಿತು. ಪಾಸ್‌ಪೋರ್ಟ್ ಅರ್ಜಿ ಇವತ್ತೇ ಹಾಕ್ತೇನೆ. ಮತ್ತೆರಡು ಸಂಶಯ. ಖರೀದಿದಾರರಿಗೆ ಉಡುಗೊರೆ ಅಂತ ಮನೆಯ ತುಪ್ಪದ ಸಿಹಿ ಕೊಂಡುಹೋಗಬಹುದಾ? ಮತ್ತೆ ಪವರ್ ಬ್ಯಾಂಕ್ 30,000 ಎಂಎಎಚ್‌ನದ್ದು ಉಂಟು.

ಟಿಕೆಟ್_ಕೌಂಟರ್:

ತುಪ್ಪ, ಪೇಡ, ಖೋವಾ, ಮೊಸರು, ಮಾಂಸ – ಹೊರದೇಶದಿಂದ ಬರುವ ಪ್ರಯಾಣಿಕರು ಹಾಲಿನ, ಮಾಂಸದ ಪದಾರ್ಥ ಯುರೋಪಿಯನ್ ಒಕ್ಕೂಟದೊಳಗೆ ತರುವ ಹಾಗಿಲ್ಲ. ಪ್ರಾಣಿರೋಗ ತಡೆಯುವ ನಿಯಮ ಅದು, ಒಂದು ಡಬ್ಬಿ ಆದರೂ ತೆಗೆದು ಬಿಸಾಡುತ್ತಾರೆ, ದಂಡವೂ ಬೀಳಬಹುದು. ತಮಾಷೆ ಎಂದರೆ ಒಣಮೀನಿಗೆ 20 ಕಿಲೋ ತನಕ ಅಡ್ಡಿ ಇಲ್ಲ! ಮಾವಿನಹಣ್ಣು, ವೀಳ್ಯದೆಲೆ, ಬೇವಿನಸೊಪ್ಪಿನಂಥ ಹಸಿ ಪದಾರ್ಥ ಫೈಟೋಸ್ಯಾನಿಟರಿ ಸರ್ಟಿಫಿಕೇಟ್ (ಸಸ್ಯರೋಗ, ಕೀಟ ಇಲ್ಲ ಅನ್ನುವ ಪತ್ರ) ಇಲ್ಲದೆ ಬೇಡ. ಕೊಬ್ಬರಿಯನ್ನು ವಿಮಾನದವರೇ ಬಿಡುವುದಿಲ್ಲ. ಎಣ್ಣೆಯಂಶ ಹೆಚ್ಚಿದ್ದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳುವ ಸಾಮಾನುಗಳ ಪಟ್ಟಿಯಲ್ಲಿ ಅದು ಉಂಟು. ಉಡುಗೊರೆಗೆ ಕಾಸರಗೋಡು ಕೈಮಗ್ಗದ ಬಟ್ಟೆ ಯಾವುದಾದರೂ ಒಳ್ಳೆಯದು. ಭೌಗೋಳಿಕ ಸೂಚಕ ಸಿಕ್ಕಿದ ನೇಯ್ಗೆ, ಹೇಳಿಕೊಳ್ಳಲಿಕ್ಕೂ ಚೆಂದ. ದುಬಾರಿಯದ್ದು ಮಾತ್ರ ಬೇಡ, ಜರ್ಮನ್ ಕಂಪನಿಗಳಲ್ಲಿ ನೌಕರರು ಉಡುಗೊರೆ ತಕೊಳ್ಳುವುದಕ್ಕೆ ಬಿಗಿ ನಿಯಮ ಇರುತ್ತದೆ.

ಪವರ್ ಬ್ಯಾಂಕ್ ಲೆಕ್ಕ ಎಂಎಎಚ್‌ನಲ್ಲಿ ಅಲ್ಲ, ವಾಟ್ ಅವರ್‌ನಲ್ಲಿ. ಎಂಎಎಚ್ ಅನ್ನು 3.7ರಿಂದ ಗುಣಿಸಿ 1,000ದಿಂದ ಭಾಗಿಸಿ. ನಿಮ್ಮದು 111 ಬರುತ್ತದೆ. 100ರ ತನಕ ಯಾರನ್ನೂ ಕೇಳಬೇಕಾಗಿಲ್ಲ, 100ರಿಂದ 160ರ ತನಕ ವಿಮಾನ ಕಂಪನಿಯ ಒಪ್ಪಿಗೆ ಬೇಕು. 20,000ದ್ದು ಒಂದು ತಕೊಳ್ಳಿ, 74 ಆಯಿತು, ಮುಗಿಯಿತು. ಕೈಚೀಲದಲ್ಲೇ ಇರಬೇಕು, ಚೆಕ್‌ಇನ್‌ಗೆ ಹಾಕಬಾರದು. ಮೇಲೆ ಬರೆದ ಸಾಮರ್ಥ್ಯದ ಅಂಕಿ ಅಳಿಸಿಹೋದದ್ದಾದರೆ ಭದ್ರತೆಯವರು ತೆಗೆದಿಡುತ್ತಾರೆ. ವಿಮಾನದೊಳಗೆ ಅದರಿಂದ ಚಾರ್ಜ್ ಮಾಡುವುದನ್ನು ಹಲವು ಕಂಪನಿಗಳು ನಿಷೇಧಿಸಿವೆ.

ಟಿಕೆಟ್ ಬಗ್ಗೆ ಹೇಳಲಿಕ್ಕೆ ಬಿಟ್ಟುಹೋಯಿತು. ಮಂಗಳೂರು–ಬೆಂಗಳೂರು ಬೇರೆ, ಬೆಂಗಳೂರು–ಫ್ರಾಂಕ್‌ಫರ್ಟ್ ಬೇರೆ ಅಂತ ಎರಡು ಟಿಕೆಟ್ ಮಾಡಿಸಬೇಡಿ, ಒಂದೇ ಪಿಎನ್‌ಆರ್‌ನಲ್ಲಿ ಇರಲಿ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಒಂದೇ ಪಿಎನ್‌ಆರ್ ಆದಾಗ ದಾಟಿಸುವ ಜವಾಬ್ದಾರಿ ಅವರದು, ಬೇರೆ ಬೇರೆ ಆದಾಗ ಟಿಕೆಟ್ ದುಡ್ಡು ಹೋಯಿತು. ಹಾಗೆ ಮಾಡಲೇಬೇಕಾಗಿ ಬಂದರೆ ನಡುವೆ ಕನಿಷ್ಠ ಐದಾರು ಗಂಟೆ ಇಡಿ. ಬೆಂಗಳೂರಿನಲ್ಲಿ ವಿದೇಶ ವಿಮಾನಗಳೆಲ್ಲ ಟರ್ಮಿನಲ್ 2ರಿಂದ. ದೇಶದೊಳಗಿನದ್ದು ಕಂಪನಿ ನೋಡಿಕೊಂಡು ಒಂದರಲ್ಲೋ ಎರಡರಲ್ಲೋ ಇಳಿಯುತ್ತದೆ, ಶಟಲ್ ಬಸ್ಸು ಹಿಡಿಯಬೇಕಾಗಬಹುದು. ಫ್ರಾಂಕ್‌ಫರ್ಟ್‌ನಲ್ಲಿ ಎರಡೂವರೆ, ಮೂರು ಗಂಟೆಯ ಅಂತರ ಇರಲಿ. ಷೆಂಗೆನ್ ಪ್ರವೇಶದ ಇಮಿಗ್ರೇಶನ್ ಅಲ್ಲೇ ಆಗುವುದು, ಅದೂ ಅಲ್ಲದೆ 2025ರ ಅಕ್ಟೋಬರ್ 12ರಿಂದ ಇಇಎಸ್ (ಗಡಿಯಲ್ಲಿ ಬಂದುಹೋಗುವವರನ್ನು ಕಂಪ್ಯೂಟರ್‌ನಲ್ಲಿ ದಾಖಲಿಸುವ) ಪದ್ಧತಿ ಶುರುವಾಗಿ ಮೊದಲ ಸಲ ಹೋಗುವವರ ಮುಖದ ದಾಖಲೆ, ವೀಸಾಕ್ಕೆ ಕೊಟ್ಟ ಬೆರಳಚ್ಚಿನ ತಾಳೆ ಗಡಿಯಲ್ಲೇ ನಡೆಯುತ್ತದೆ. ಕ್ಯೂ ಉದ್ದ.

ಇನ್ನೊಂದು, ಯುರೋಪಿನ ವಿಮಾನಗಳು ಹೆಚ್ಚಾಗಿ ನಡುರಾತ್ರಿ ದಾಟಿ ಹೊರಡುವುದು. ಟಿಕೆಟ್‌ನಲ್ಲಿ 10ನೇ ತಾರೀಕು ರಾತ್ರಿ 2:30 ಅಂತ ಇದ್ದರೆ ನೀವು ಏರ್‌ಪೋರ್ಟ್‌ನಲ್ಲಿ ಇರಬೇಕಾದ್ದು 9ರ ರಾತ್ರಿ. ಮಂಗಳೂರಿನ ಟಿಕೆಟ್ 10ರ ಸಂಜೆಗೆ ಮಾಡಿಸಿಕೊಂಡು ಕೂರುವ ಎಡವಟ್ಟು ಆಗಾಗ ಆಗುತ್ತಿರುತ್ತದೆ.

ಲೆಕ್ಕಪತ್ರ_ಬದಿಯಡ್ಕ:

ದುಡ್ಡಿನ ವಿಷಯ ಯಾರೂ ಹೇಳಿಲ್ಲ, ಹಾಗಾಗಿ ಬರೀತೇನೆ.

ಕಂಪನಿಯೇ ಕಳುಹಿಸಿ ಖರ್ಚು ಭರಿಸುವಾಗ ಅದು ಕಂಪನಿಯ ವ್ಯವಹಾರ, ನಿಮ್ಮ ವೈಯಕ್ತಿಕ ಎಲ್‌ಆರ್‌ಎಸ್ (ವಿದೇಶಕ್ಕೆ ದುಡ್ಡು ಕಳುಹಿಸಲಿಕ್ಕೆ ರಿಸರ್ವ್ ಬ್ಯಾಂಕ್ ಹಾಕಿದ) ಮಿತಿಯೊಳಗೆ ಬರುವುದಿಲ್ಲ. ಹಾಗಾಗಿ ಫಾರೆಕ್ಸ್ ಕಾರ್ಡನ್ನು (ಮೊದಲೇ ವಿದೇಶಿ ದುಡ್ಡು ತುಂಬಿಸಿಡುವ ಕಾರ್ಡು) ಕಂಪನಿಯ ಖಾತೆಯಿಂದ, ಕಂಪನಿಯ ಪತ್ರದ ಮೇಲೆ ತೆಗೆಸಿ. ಸ್ವಂತ ಖಾತೆಯಿಂದ ಕಟ್ಟಿ ಆಮೇಲೆ ಕ್ಲೇಮ್ ಮಾಡುವ ದಾರಿ ಹಿಡಿದರೆ ಲೆಕ್ಕ ಸಿಕ್ಕಾಗುತ್ತದೆ. ಬ್ಯಾಂಕಿನವರು ವಿದೇಶಿ ದುಡ್ಡು ಕೊಳ್ಳುವುದಕ್ಕಿರುವ ಎ2 ಫಾರಂ, ಪಾಸ್‌ಪೋರ್ಟ್, ವೀಸಾ, ಟಿಕೆಟ್ ಪ್ರತಿ ಕೇಳುತ್ತಾರೆ. ನಗದು ಕೊಟ್ಟು ಕೊಳ್ಳುವುದಾದರೆ 50,000 ರೂಪಾಯಿಯ ತನಕ ಮಾತ್ರ, ಅದರ ಮೇಲೆ ಬ್ಯಾಂಕ್ ಮೂಲಕವೇ. ವಿದೇಶಿ ನೋಟು ಒಂದು ಪ್ರಯಾಣಕ್ಕೆ 3,000 ಡಾಲರ್ ಬೆಲೆಯ ತನಕ ಒಯ್ಯಬಹುದು, ಆದರೆ ಅಷ್ಟು ಎಂತಕ್ಕೆ? 200ರಿಂದ 300 ಯುರೋ ನೋಟು ಸಾಕು, ಅದೂ 5, 10, 20ರ ನೋಟು. 200ರ ನೋಟು ಹಿಡಿದು ಬೇಕರಿಗೆ ಹೋದರೆ ಚಿಲ್ಲರೆ ಇಲ್ಲ ಅನ್ನುತ್ತಾರೆ. ಭಾರತದ ನೋಟು 25,000 ರೂಪಾಯಿಗಿಂತ ಹೆಚ್ಚು ಹೊರಗೆ ಒಯ್ಯಬಾರದು.

ಫಾರೆಕ್ಸ್ ಕಾರ್ಡಿನ ಜೊತೆ ಒಂದು ಕ್ರೆಡಿಟ್ ಕಾರ್ಡ್ ಕಡ್ಡಾಯ. ಹೋಟೆಲಿನವರು ಚೆಕ್‌ಇನ್ ಸಮಯದಲ್ಲಿ ಡಿಪಾಸಿಟ್ ಅಂತ ಒಂದು ಮೊತ್ತ ತಡೆಹಿಡಿಯುತ್ತಾರೆ. ಅದನ್ನು ಫಾರೆಕ್ಸ್ ಕಾರ್ಡಿನಲ್ಲಿ ಮಾಡಿಸಿದರೆ ಬಿಡುಗಡೆಗೆ ಕೆಲವು ಸಲ ವಾರಗಟ್ಟಲೆ ಬೇಕು, ಅಷ್ಟೂ ದಿನ ಆ ದುಡ್ಡು ನಿಮ್ಮ ಕೈಗಿಲ್ಲ. ಡಿಪಾಸಿಟ್ ಕ್ರೆಡಿಟ್ ಕಾರ್ಡಿಗೆ, ಖರ್ಚು ಫಾರೆಕ್ಸ್ ಕಾರ್ಡಿಗೆ. ಕ್ರೆಡಿಟ್ ಕಾರ್ಡಿನಲ್ಲಿ ವಿದೇಶಿ ಬಳಕೆ ಮೊದಲಿಗೆ ಬಂದ್ ಇರುತ್ತದೆ, 2020ರ ರಿಸರ್ವ್ ಬ್ಯಾಂಕ್ ನಿಯಮ ಅದು. ಆ್ಯಪ್‌ನಲ್ಲಿ ಹೋಗಿ ಊರಿನಲ್ಲಿ ಇರುವಾಗಲೇ ಆನ್ ಮಾಡಿ, ಮಿತಿ ಹಾಕಿ, ಪಿನ್ ನೆನಪಿದೆಯಾ ನೋಡಿ. ಯುಪಿಐ ನಂಬಿ ಹೋಗಬೇಡಿ.

ಮೆಷಿನ್ ‘ಯುರೋದಲ್ಲಾ, ರೂಪಾಯಿಯಲ್ಲಾ?’ ಅಂತ ಕೇಳಿದರೆ ಯುರೋ ಒತ್ತಿ, ಯಾವಾಗಲೂ. ರೂಪಾಯಿ ಕಂಡು ಖುಷಿಯಿಂದ ಒತ್ತಿದರೆ ಅಂಗಡಿಯ ಕಡೆಯ ಬ್ಯಾಂಕ್ ತನಗೆ ಬೇಕಾದ ದರ ಹಾಕಿಕೊಳ್ಳುತ್ತದೆ. ಫಾರೆಕ್ಸ್ ಕಾರ್ಡಿನಲ್ಲಂತೂ ಯುರೋ ತುಂಬಿಸಿ, ಅದನ್ನು ರೂಪಾಯಿ ಮಾಡಿ, ಮತ್ತೆ ಯುರೋ ಮಾಡಿದ ಹಾಗೆ ಎರಡೆರಡು ಸಲ ನಷ್ಟ.

ಓಟಿಪಿ ಬರಬೇಕಾದರೆ ಊರಿನ ಸಿಮ್ ಜೀವಂತ ಇರಬೇಕು. ಹೊರಡುವ ಮೊದಲು ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಮಾಡಿಸಿ, ಡೇಟಾಕ್ಕೆ ಬೇಕಾದರೆ ಬೇರೆ ಇ–ಸಿಮ್ ಹಾಕಿ. ಊರಿನ ಸಿಮ್‌ನಲ್ಲಿ ಡೇಟಾ ರೋಮಿಂಗ್ ಆಫ್ ಇರಲಿ.

ಬಿಲ್ಲು: ಹೋಟೆಲ್ ಬಿಲ್ಲು ಕಂಪನಿಯ ಹೆಸರು, ವಿಳಾಸಕ್ಕೆ ಬರಲಿ ಅಂತ ಚೆಕ್‌ಇನ್ ಆಗುವಾಗಲೇ ಹೇಳಿ, ಹೊರಡುವ ಬೆಳಿಗ್ಗೆ ಅಲ್ಲ. ಬೋರ್ಡಿಂಗ್ ಪಾಸ್ ಬಿಸಾಡಬೇಡಿ. ಥರ್ಮಲ್ ಕಾಗದದ ರಶೀದಿ ತಿಂಗಳೊಳಗೆ ಮಾಸುತ್ತದೆ, ಅದೇ ದಿನ ಫೋಟೋ ತೆಗೆದಿಡಿ. ಉಳಿದ ವಿದೇಶಿ ದುಡ್ಡು 180 ದಿನದೊಳಗೆ ಬ್ಯಾಂಕಿಗೆ ವಾಪಸ್ ಕೊಡಬೇಕು, 2,000 ಡಾಲರ್ ಬೆಲೆಯಷ್ಟು ಇಟ್ಟುಕೊಳ್ಳಲಿಕ್ಕೆ ಅವಕಾಶ ಉಂಟು. ಕಂಪನಿಯ ದುಡ್ಡಾದರೆ ಇಟ್ಟುಕೊಳ್ಳುವ ಪ್ರಶ್ನೆ ಇಲ್ಲ, ಬಿಡಿ.

ಎಲ್ಬೆ_ದಡ:

ಹ್ಯಾಂಬರ್ಗ್ ನವೆಂಬರ್ ಅಂದರೆ 3ರಿಂದ 8 ಡಿಗ್ರಿ, ಜಿಟಿಜಿಟಿ ಮಳೆ, ಗಾಳಿ. ಸಂಜೆ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ. ಹಿಮಕ್ಕೆ ಹಾಕುವ ದಪ್ಪ ಜಾಕೆಟ್ ಬೇಡ, ನೀರು ಗಾಳಿ ಎರಡೂ ಒಳಗೆ ಬಿಡದ ಟೋಪಿ ಇರುವ ಕೋಟು ಬೇಕು. ಕೊಡೆ ಅಲ್ಲಿಯ ಗಾಳಿಗೆ ಮಗುಚುತ್ತದೆ. ಒಳಗೆ ಥರ್ಮಲ್, ಅದರ ಮೇಲೆ ಶರ್ಟು, ಸ್ವೆಟರ್. ಕಟ್ಟಡದೊಳಗೆಲ್ಲ ಹೀಟರ್ ಇರುವುದರಿಂದ ಒಂದೊಂದೇ ಪದರ ತೆಗೆಯುವ ಹಾಗಿರಬೇಕು. ಶೂ ಹೊಸದನ್ನು ಅಲ್ಲಿಗೇ ಅಂತ ಇಡಬೇಡಿ, ಇಲ್ಲೇ ಹಾಕಿ ಪಳಗಿಸಿ.

ಪ್ಲಗ್: ಅಲ್ಲಿಯದ್ದು ಎರಡು ದುಂಡು ಕಡ್ಡಿಯ, ಗುಳಿ ಇರುವ ಸಾಕೆಟ್. ವೋಲ್ಟೇಜ್ ನಮ್ಮದೇ 230. ಮೊಬೈಲ್ ಚಾರ್ಜರಿನ ತೆಳು ಎರಡು ಪಿನ್ ಹೊಗ್ಗುತ್ತದೆ, ಲ್ಯಾಪ್‌ಟಾಪಿನ ಮೂರು ಪಿನ್ ಹೊಗ್ಗುವುದಿಲ್ಲ. ಒಂದು ಅಡಾಪ್ಟರ್, ಊರಿನ ಒಂದು ಎಕ್ಸ್‌ಟೆನ್ಶನ್ ಬೋರ್ಡ್. ಎಲ್ಲ ಅದರಲ್ಲೇ ಸಾಗುತ್ತದೆ.

ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಅಕ್ಟೋಬರ್‌ನಲ್ಲಿ ಫೋನ್ ಮಾಡುವಾಗ ಮೂರೂವರೆ ಗಂಟೆ ವ್ಯತ್ಯಾಸ, ನೀವು ಹೋಗುವಾಗ ನಾಲ್ಕೂವರೆ. ನವೆಂಬರಿನ ಮೀಟಿಂಗಿಗೆ ಅಕ್ಟೋಬರಿನಲ್ಲೇ ಕ್ಯಾಲೆಂಡರ್ ಇನ್ವೈಟ್ ಕಳುಹಿಸುವುದಾದರೆ ಜರ್ಮನಿಯ ಸಮಯದಲ್ಲೇ ಹಾಕಿ.

ಭಾನುವಾರ ಅಂಗಡಿ ಮುಚ್ಚಿರುತ್ತದೆ, ಶನಿವಾರವೇ ನೀರು, ಬ್ರೆಡ್ ತಂದಿಡಿ. ಸಸ್ಯಾಹಾರಿ ಆದರೆ ಮೊದಲ ರಾತ್ರಿಗೆ ಅವಲಕ್ಕಿ, ಚಟ್ನಿಪುಡಿ ಚೆಕ್‌ಇನ್ ಬ್ಯಾಗಿನಲ್ಲಿ ಇರಲಿ. ಬಾಟಲಿಗೆ 25 ಸೆಂಟ್ ಠೇವಣಿ ಸೇರಿಸಿ ತಕೊಳ್ಳುತ್ತಾರೆ, ಸೂಪರ್‌ಮಾರ್ಕೆಟಿನ ಮೆಷಿನ್‌ಗೆ ಹಾಕಿದರೆ ವಾಪಸ್. ಸ್ಟೇಷನ್ ಶೌಚಾಲಯಕ್ಕೆ ನಾಣ್ಯ ಬೇಕು. ತುರ್ತಿಗೆ 112. ಪಾಸ್‌ಪೋರ್ಟ್ ಕಳೆದರೆ ಪೊಲೀಸ್ ದೂರಿನ ಪ್ರತಿ ಹಿಡಿದು ಸೀದಾ ಭಾರತೀಯ ಕಾನ್ಸುಲೇಟಿಗೆ. ಹ್ಯಾಂಬರ್ಗ್‌ನಲ್ಲೇ ಉಂಟು, ಬರ್ಲಿನ್‌ಗೆ ಓಡಬೇಕಾಗಿಲ್ಲ. ಪಾಸ್‌ಪೋರ್ಟ್ ಮೊದಲ ಪುಟ, ವೀಸಾ ಪುಟದ ಪ್ರತಿ ಬೇರೆ ಚೀಲದಲ್ಲಿ ಇರಲಿ.

ಉಪ್ಪಳ_ಪೇಟೆ:

ಏರ್‌ಪೋರ್ಟಿನಿಂದ ಊರೊಳಗೆ ಟ್ಯಾಕ್ಸಿಯೇ ಬೇಕಾ ಅಣ್ಣ?

ಎಲ್ಬೆ_ದಡ:

ಬೇಡ. ಎಸ್1 ಅನ್ನುವ ರೈಲು ಏರ್‌ಪೋರ್ಟಿನ ಕೆಳಗಿಂದಲೇ ಹೊರಡುತ್ತದೆ, ಮುಖ್ಯ ಸ್ಟೇಷನ್ನಿಗೆ 25 ನಿಮಿಷ. ಟಿಕೆಟ್ ಮೆಷಿನ್‌ನಲ್ಲೋ ಅಲ್ಲಿಯ ಸಾರಿಗೆಯವರ ಎಚ್‌ವಿವಿ ಆ್ಯಪ್‌ನಲ್ಲೋ ಹತ್ತುವ ಮೊದಲೇ ತಕೊಳ್ಳಿ. ಗೇಟು ಇಲ್ಲ, ಆದರೆ ತಪಾಸಣೆಯವರು ಸಾದಾ ಬಟ್ಟೆಯಲ್ಲಿ ಬರುತ್ತಾರೆ. ವಾಪಸ್ ಹೋಗುವಾಗ ಮಾತ್ರ ಒಂದು ವಿಷಯ ಉಂಟು: ಓಲ್ಸ್‌ಡಾರ್ಫ್ ಸ್ಟೇಷನ್‌ನಲ್ಲಿ ರೈಲು ಎರಡಾಗುತ್ತದೆ. ಮುಂದಿನ ಬೋಗಿಗಳು ಏರ್‌ಪೋರ್ಟಿಗೆ, ಹಿಂದಿನವು ಪೊಪ್ಪೆನ್‌ಬ್ಯೂಟೆಲ್ ಕಡೆಗೆ. ಮುಖ್ಯ ಸ್ಟೇಷನ್ನಿನಲ್ಲೇ ಮುಂದೆ ಹೋಗಿ ಹತ್ತಿ.